ಕಲರ್ ಪ್ಯಾನೆಲ್ ಹಿಡಿದು ಒಂದೇ ಸಲ ಹತ್ತಾರು ಕ್ಲಿಪ್ ಗ್ರೇಡ್ ಮಾಡುವುದು ಹೇಗೆ? ಬಯಲಾಟದ ವಿಡಿಯೋ ಇಟ್ಟುಕೊಂಡು ಪೂರ್ತಿ ವಿವರ

ಕಲರ್ ಪ್ಯಾನೆಲ್ ಅಂದರೆ ವಿಡಿಯೋದ ಬಣ್ಣ, ಬೆಳಕು ತಿದ್ದಲು (ಇದಕ್ಕೇ ಗ್ರೇಡ್ ಮಾಡುವುದು ಅನ್ನುತ್ತಾರೆ) ಬಳಸುವ, ಉರುಳಿಸುವ ಬಾಲ್ ಮತ್ತು ಬಟನ್ ಇರುವ ಪೆಟ್ಟಿಗೆ. ಅದನ್ನು ಹೊಸದಾಗಿ ತಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. "ನಲವತ್ತು ಕ್ಲಿಪ್ ಸೆಲೆಕ್ಟ್ ಮಾಡಿದೆ, ಬಾಲ್ ತಿರುಗಿಸಿದೆ, ಬದಲಾಗಿದ್ದು ಒಂದೇ ಕ್ಲಿಪ್. ಪ್ಯಾನೆಲ್ ಹಾಳಾಗಿದೆಯಾ?"

ಹಾಳಾಗಿಲ್ಲ ಮಾರಾಯ್ರೇ. ಬಣ್ಣ ತಿದ್ದುವ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನಲ್ಲಿ ಅದು ಇರುವುದೇ ಹಾಗೆ. ಪ್ಯಾನೆಲ್ ನೋಡುವುದು ಎರಡೇ ವಿಷಯ. ಈಗ ಪರದೆ ಮೇಲೆ ಯಾವ ಕ್ಲಿಪ್ ಇದೆ, ಅದರಲ್ಲಿ ಯಾವ ನೋಡ್ (ಒಂದೊಂದು ತಿದ್ದುಪಡಿ ಕೂರುವ ಚೌಕ) ಆರಿಸಿದೆ. ಕೆಳಗೆ ಎಷ್ಟು ಥಂಬ್‌ನೇಲ್ ಸೆಲೆಕ್ಟ್ ಆಗಿವೆ ಎಂಬುದು ಬಾಲ್‌ಗೆ ಲೆಕ್ಕಕ್ಕೇ ಇಲ್ಲ. ನೀವು ಮಾಡಿದ ಬದಲಾವಣೆ ನಲವತ್ತು ಕ್ಲಿಪ್‌ಗೆ ಹೋಗಬೇಕೋ, ಒಂದಕ್ಕೇ ನಿಲ್ಲಬೇಕೋ ಎಂಬುದನ್ನು ತೀರ್ಮಾನಿಸುವುದು ಆ ನೋಡ್ ಕೂತಿರುವ ಜಾಗ. ಕ್ಲಿಪ್ ಮಟ್ಟದಲ್ಲಿದೆಯಾ, ಗ್ರೂಪ್ ಮಟ್ಟದಲ್ಲಿದೆಯಾ, ಇಡೀ ಟೈಮ್‌ಲೈನ್ ಮಟ್ಟದಲ್ಲಿದೆಯಾ? ಇದನ್ನು ಮೊದಲು ತೀರ್ಮಾನಿಸಿ ಆಮೇಲೆ ಬಾಲ್ ಮುಟ್ಟಿದರೆ ಪ್ಯಾನೆಲ್‌ಗೆ ಕೊಟ್ಟ ದುಡ್ಡು ಸಾರ್ಥಕ. ಇಲ್ಲದಿದ್ದರೆ ಮೌಸ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಸ್ವಲ್ಪ ಶೋಕಿಯಾಗಿ ಮಾಡಿದ ಹಾಗೆ.

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆ ವಿಡಿಯೋ ಕೆಲಸ ಮಾಡುವವರಿಗೆ ಸೀಸನ್‌ನಲ್ಲಿ ಬರುವುದು ಹೆಚ್ಚಾಗಿ ಎರಡು ಥರದ ಕೆಲಸ. ಒಂದು, ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟ (ನಮ್ಮ ಕಡೆ ಬರೀ 'ಆಟ') ಅಥವಾ ದಿನವಿಡೀ ನಡೆಯುವ ಮದುವೆ. ಇಲ್ಲಿ ಕ್ಯಾಮೆರಾ ಎರಡೋ ಮೂರೋ, ಕ್ಲಿಪ್ ನೂರಾರು, ಬೆಳಕು ಹೆಚ್ಚುಕಡಿಮೆ ಅದೇ. ಇನ್ನೊಂದು, ಬೀಚ್‌ನಲ್ಲಿ ಮಾಡುವ ಪ್ರೀ ವೆಡ್ಡಿಂಗ್ ಶೂಟ್. ಕ್ಲಿಪ್ ಕಡಿಮೆ, ಆದರೆ ಬೆಳಕು ಕ್ಷಣಕ್ಕೊಂದು ಥರ. ಈ ಎರಡಕ್ಕೂ ಒಂದೇ ದಾರಿ ಆಗುವುದಿಲ್ಲ. ಮೊದಲನೆಯದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಪ್ಯಾನೆಲ್ ಇದ್ದೂ ಜನ ಸುಮ್ನೆ ಒದ್ದಾಡುವುದು ಅಲ್ಲಿಯೇ.

ಯಾವ ಪ್ಯಾನೆಲ್

ರಿಸಾಲ್ವ್ ಮಾಡುವ ಕಂಪನಿಯಾದ ಬ್ಲ್ಯಾಕ್‌ಮ್ಯಾಜಿಕ್‌ನವರ ಮೈಕ್ರೋ ಪ್ಯಾನೆಲ್ ಮತ್ತು ಮಿನಿ ಪ್ಯಾನೆಲ್ 2017ರಲ್ಲಿ ಬಂದವು. 2024ರಲ್ಲಿ ಮೈಕ್ರೋ ಕಲರ್ ಪ್ಯಾನೆಲ್ ಅಂತ ಇನ್ನೂ ಚಿಕ್ಕದು ಬಂತು. ಅದಕ್ಕೆ ಬ್ಯಾಟರಿ ಇದೆ, ಬ್ಲೂಟೂತ್ ಇದೆ, ಬೆಲೆ ಸುಮಾರು 500 ಡಾಲರ್ ಎಂದು ಬಿಡುಗಡೆ ಮಾಡಿದ್ದರು. ಮೂರು ಟ್ರ್ಯಾಕ್‌ಬಾಲ್, ಮೇಲೆ ಹನ್ನೆರಡು ನಾಬ್, ಸುತ್ತ ಒಂದಿಷ್ಟು ಬಟನ್. ಮದುವೆ ಮತ್ತು ಆಟದ ವಿಡಿಯೋ ಮಾಡುವವರಿಗೆ ಇದು ಧಾರಾಳ ಸಾಕು. ಮಿನಿ ಪ್ಯಾನೆಲ್‌ನಲ್ಲಿ ಎರಡು ಚಿಕ್ಕ ಪರದೆ ಇವೆ, ಕರ್ವ್, ವಿಂಡೋ (ಚಿತ್ರದ ಒಂದು ಭಾಗ ಮಾತ್ರ ತಿದ್ದಲು ಹಾಕುವ ಆಕಾರ), ಟ್ರ್ಯಾಕಿಂಗ್ ಎಲ್ಲ ಅಲ್ಲಿಂದಲೇ ಆಗುತ್ತದೆ. ಒಳ್ಳೆಯದೇ, ಆದರೆ ಟೇಬಲ್ಲೂ ದೊಡ್ಡದು ಬೇಕು, ಜೇಬೂ ದೊಡ್ಡದು ಬೇಕು.

ಟ್ಯಾಂಜೆಂಟ್ ಕಂಪನಿಯದ್ದು ಬೇರೆ ಸಾಲು. ರಿಪಲ್‌ನಲ್ಲಿ ಮೂರು ಬಾಲ್, ಮೂರು ರಿಂಗ್ ಮತ್ತು ಕೆಲವೇ ಬಟನ್, ನಾಬ್ ಇಲ್ಲ. ವೇವ್ ಮತ್ತು ಎಲಿಮೆಂಟ್‌ನಲ್ಲಿ ನಾಬ್ ಮತ್ತು ಪರದೆಯೂ ಇವೆ. ಟ್ಯಾಂಜೆಂಟ್‌ನ ಲಾಭ ಏನೆಂದರೆ ಅದು ರಿಸಾಲ್ವ್‌ಗೂ ಆಗುತ್ತದೆ, ಅಡೋಬಿಯ ಪ್ರೀಮಿಯರ್‌ಗೂ ಆಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಪ್ಯಾನೆಲ್ ಮಾಡಿರುವುದು ರಿಸಾಲ್ವ್‌ಗಾಗಿ. ನೀವು ಎರಡೂ ಸಾಫ್ಟ್‌ವೇರ್ ಬಳಸುವವರಾದರೆ ಇದನ್ನು ಮೊದಲೇ ಯೋಚಿಸಿ.

ಪ್ಯಾನೆಲ್ ಜೊತೆಗೆ ಸ್ಟ್ರೀಮ್ ಡೆಕ್‌ನಂಥ ಬಟನ್ ಪೆಟ್ಟಿಗೆ ಒಂದಿದ್ದರೆ ಬಹಳ ಅನುಕೂಲ. ಕಾರಣ ಮುಂದೆ ಬರುತ್ತದೆ.

ಜೋಡಿಸುವುದು

ಇದರಲ್ಲಿ ದೊಡ್ಡದೇನಿಲ್ಲ. ರಿಸಾಲ್ವ್ ಮುಚ್ಚಿ. ಪ್ಯಾನೆಲ್ ಅನ್ನು ಕಂಪ್ಯೂಟರಿನ ಪೋರ್ಟ್‌ಗೇ ನೇರವಾಗಿ ಹಾಕಿ, ಹಾರ್ಡ್‌ಡಿಸ್ಕು ಡಾಂಗಲ್ಲು ಎಲ್ಲ ತುಂಬಿರುವ ಅಗ್ಗದ ಹಬ್‌ಗೆ ಬೇಡ. ಟ್ಯಾಂಜೆಂಟ್ ಆದರೆ ಮೊದಲು ಟ್ಯಾಂಜೆಂಟ್ ಹಬ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಬೇಕು. ಬ್ಲ್ಯಾಕ್‌ಮ್ಯಾಜಿಕ್ ಆದರೆ ರಿಸಾಲ್ವ್ ಜೊತೆಗೇ ಬರುವ ಕಂಟ್ರೋಲ್ ಪ್ಯಾನೆಲ್ಸ್ ಸೆಟಪ್ ತೆರೆದು, ಪ್ಯಾನೆಲ್‌ಗೆ ಅಪ್‌ಡೇಟ್ ಇದೆಯಾ ನೋಡಿ. ಇದ್ದರೆ ಹಾಕಿ. ಆಮೇಲೆ ರಿಸಾಲ್ವ್ ತೆರೆದು ಪ್ರಿಫರೆನ್ಸಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಕಂಟ್ರೋಲ್ ಪ್ಯಾನೆಲ್ಸ್‌ಗೆ ಹೋಗಿ. ಗ್ರೇಡಿಂಗ್‌ಗೆ ಯಾವ ಪ್ಯಾನೆಲ್ ಎಂದು ಅಲ್ಲಿ ಕೇಳುತ್ತದೆ. ಟ್ಯಾಂಜೆಂಟ್‌ನವರು ಪಟ್ಟಿಯಿಂದ ಆರಿಸಿ, ಸೇವ್ ಮಾಡಿ, ರಿಸಾಲ್ವ್ ಮತ್ತೊಮ್ಮೆ ಶುರು ಮಾಡಿ. ಇಷ್ಟೇ.

ಪ್ರಿಫರೆನ್ಸಸ್‌ನಲ್ಲೇ ಯೂಸರ್ ಎಂಬ ಇನ್ನೊಂದು ಭಾಗವಿದೆ. ಅಲ್ಲೂ ಕಂಟ್ರೋಲ್ ಪ್ಯಾನೆಲ್ಸ್ ಎಂಬ ಪುಟವಿದೆ, ಬಾಲ್ ಎಷ್ಟು ಸೂಕ್ಷ್ಮ ಇರಬೇಕು ಎಂದು ಅಲ್ಲಿ ಹೊಂದಿಸಬಹುದು. ಮೊದಲ ವಾರ ಅದನ್ನು ಕಡಿಮೆಯೇ ಇಟ್ಟುಕೊಳ್ಳಿ. ಮೌಸ್ ಕೈಯಿಂದ ಬಂದವರು ಬಾಲ್ ಅನ್ನು ಜೋರಾಗಿ ಉರುಳಿಸುತ್ತಾರೆ, ಮುಖಗಳೆಲ್ಲ ಹಸಿರಾಗುತ್ತವೆ.

ಕೈಗೆ ಅಭ್ಯಾಸ

ಎಡ ಬಾಲ್ ಲಿಫ್ಟ್, ಅಂದರೆ ಕತ್ತಲು ಭಾಗ. ನಡುವಿನದು ಗಾಮಾ. ಬಲದ್ದು ಗೇನ್, ಬೆಳಕಿನ ಭಾಗ. ಬಾಲ್ ಉರುಳಿಸಿದರೆ ಬಣ್ಣ ಜರುಗುತ್ತದೆ, ಸುತ್ತಲಿನ ರಿಂಗ್ ತಿರುಗಿಸಿದರೆ ಬೆಳಕು ಏರುತ್ತದೆ ಇಳಿಯುತ್ತದೆ. ಆಫ್‌ಸೆಟ್ ಬಟನ್ ಒತ್ತಿದರೆ ಮೈಕ್ರೋ ಪ್ಯಾನೆಲ್‌ನಲ್ಲಿ ಬಲಗಡೆ ಬಾಲ್ ಆಫ್‌ಸೆಟ್ ಆಗುತ್ತದೆ, ಆಗ ಇಡೀ ಚಿತ್ರ ಒಟ್ಟಿಗೇ ಜರುಗುತ್ತದೆ.

ಪ್ಯಾನೆಲ್‌ನ ನಿಜವಾದ ಲಾಭ ಎರಡು ಕೈ ಒಟ್ಟಿಗೆ ಕೆಲಸ ಮಾಡುವುದು. ಬಲಗೈ ಗೇನ್ ಏರಿಸುವಾಗಲೇ ಎಡಗೈ ಲಿಫ್ಟ್ ಇಳಿಸುತ್ತದೆ. ಮೌಸ್‌ನಲ್ಲಿ ಇದು ಸಾಧ್ಯವೇ ಇಲ್ಲ, ಒಂದನ್ನು ಸರಿ ಮಾಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಕೆಟ್ಟಿರುತ್ತದೆ. ಹಾಗಾಗಿ ಒಂದೇ ಕೈಯಲ್ಲಿ ಪ್ಯಾನೆಲ್ ಬಳಸುವ ಚಟ ಬೇಡ. ಕಣ್ಣು ಪರದೆ ಮೇಲೆ, ಸ್ಕೋಪ್ (ಬೆಳಕು, ಬಣ್ಣ ತೋರಿಸುವ ಗ್ರಾಫ್) ಪಕ್ಕದಲ್ಲಿ, ಎರಡೂ ಕೈ ಪ್ಯಾನೆಲ್ ಮೇಲೆ.

ಲಾಗ್‌ನಲ್ಲಿ (ಆಮೇಲೆ ತಿದ್ದಲೆಂದೇ ಸಪ್ಪೆಯಾಗಿ ರೆಕಾರ್ಡ್ ಮಾಡುವ ವಿಧಾನ) ಶೂಟ್ ಮಾಡಿದ್ದರೆ ಒಂದು ಮಾತು. ಲಾಗ್ ಚಿತ್ರದ ಮೇಲೆ ಲಿಫ್ಟ್ ರಿಂಗ್ ತಿರುಗಿಸಿದರೆ ಕತ್ತಲು ಭಾಗ ಮಾತ್ರ ಅಲ್ಲ, ನಡುವಿನದ್ದೂ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಆಫ್‌ಸೆಟ್, ಕಾಂಟ್ರಾಸ್ಟ್, ಪಿವಟ್ (ಕಾಂಟ್ರಾಸ್ಟ್ ಯಾವ ಬೆಳಕಿನ ಮಟ್ಟದ ಸುತ್ತ ಏರಿಳಿಯಬೇಕು ಎಂಬುದು) ಈ ಮೂರೇ ಮುಕ್ಕಾಲು ಕೆಲಸ ಮುಗಿಸುತ್ತವೆ. ಕಾಂಟ್ರಾಸ್ಟ್‌ಗೂ ಪಿವಟ್‌ಗೂ ಪ್ಯಾನೆಲ್‌ನಲ್ಲಿ ಬೇರೆ ಬೇರೆ ನಾಬ್ ಇವೆ, ಅಕ್ಕಪಕ್ಕದಲ್ಲೇ.

ಬಾಲ್ ಮುಟ್ಟುವ ಮೊದಲು ವಿಂಗಡಣೆ

ಹೊನ್ನಾವರ ಕಡೆಯ ಒಂದು ಬಯಲಾಟ ಅಂದುಕೊಳ್ಳಿ. ಮೂರು ಕ್ಯಾಮೆರಾ. ಎದುರಿಗೆ ಸ್ಟ್ಯಾಂಡ್ ಮೇಲೆ ನಿಂತು ಇಡೀ ರಂಗಸ್ಥಳ ಹಿಡಿಯುವುದು ಒಂದು, ಪಾತ್ರಧಾರಿಗಳ ಮುಖಕ್ಕೆ ಒಂದು, ಭಾಗವತರು, ಚಂಡೆ, ಮದ್ದಳೆಗೆ ಬದಿಯಿಂದ ಒಂದು. ಮೊದಲೆರಡು ಸೋನಿ, ಸೋನಿಯದ್ದೇ ಲಾಗ್ ಆದ ಎಸ್‌-ಲಾಗ್ 3. ಮೂರನೆಯದು ಯಾರದ್ದೋ ಹಳೆಯ ಕ್ಯಾಮೆರಾ, ಟಿವಿಗೆ ನೇರವಾಗಿ ಹೊಂದುವ ಮಾಮೂಲಿ ಬಣ್ಣ, ಅಂದರೆ ರೆಕ್ 709. ಎಡಿಟ್ ಮುಗಿದಾಗ ಟೈಮ್‌ಲೈನ್‌ನಲ್ಲಿ ಮುನ್ನೂರು ತುಂಡು. ನಮ್ಮ ಕಡೆ ಇದು ದಿನನಿತ್ಯದ ಕತೆ, ಅಲ್ವಾ?

ಇಲ್ಲಿ ನೆನಪಿಡಬೇಕಾದ ಕಟ್ಟುನಿಟ್ಟಿನ ನಿಯಮ ಒಂದಿದೆ: ರಿಸಾಲ್ವ್‌ನಲ್ಲಿ ಒಂದು ಕ್ಲಿಪ್ ಒಂದೇ ಗ್ರೂಪ್‌ನಲ್ಲಿ ಇರಬಹುದು. "ಸೋನಿ" ಗ್ರೂಪ್‌ನಲ್ಲೂ ಇರಲಿ, "ಒಡ್ಡೋಲಗ" (ವೇಷಗಳು ರಂಗಕ್ಕೆ ಬರುವ ಭಾಗ) ಗ್ರೂಪ್‌ನಲ್ಲೂ ಇರಲಿ ಅಂದರೆ ಆಗದು. ಹಾಗಾಗಿ ಯಾವ ಲೆಕ್ಕದಲ್ಲಿ ಗುಂಪು ಮಾಡಬೇಕು ಎಂದು ಮೊದಲೇ ಯೋಚಿಸಿ. ಆಟದ ವಿಡಿಯೋದಲ್ಲಿ ರಂಗಸ್ಥಳದ ಬೆಳಕು ರಾತ್ರಿಯಿಡೀ ಹೆಚ್ಚುಕಡಿಮೆ ಒಂದೇ, ಬದಲಾಗುವುದು ಕ್ಯಾಮೆರಾ. ಆದ್ದರಿಂದ ಕ್ಯಾಮೆರಾ ಪ್ರಕಾರ ಮೂರು ಗ್ರೂಪ್ ಮಾಡಿ. ಮದುವೆಯಲ್ಲಿ ಇದು ತಿರುಗುಮುರುಗು. ಬೆಳಿಗ್ಗೆ ಮನೆ ಅಂಗಳದ ಚಪ್ಪರ, ಮಧ್ಯಾಹ್ನ ಸಭಾಭವನ, ರಾತ್ರಿ ಆರತಕ್ಷತೆಯ ಎಲ್‌ಇಡಿ. ಅಲ್ಲಿ ಬೆಳಕು ಮತ್ತು ಕ್ಯಾಮೆರಾ ಎರಡನ್ನೂ ಸೇರಿಸಿ ಹೆಸರಿಡಬೇಕು, "ಚಪ್ಪರ ಎ", "ಚಪ್ಪರ ಬಿ", "ಹಾಲ್ ಎ" ಹೀಗೆ. ಗ್ರೂಪ್ ಆರೋ ಎಂಟೋ ಆದರೂ ಪರವಾಗಿಲ್ಲ. ಇಪ್ಪತ್ತು ದಾಟಿದರೆ ಮಾತ್ರ ಎಲ್ಲೋ ಅತಿಯಾಯಿತು.

ಗ್ರೂಪ್ ಮಾಡುವುದು ಸುಲಭ. ಕಲರ್ ಪುಟದಲ್ಲಿ ಕಂಟ್ರೋಲ್ ಕೀ ಹಿಡಿದು ಥಂಬ್‌ನೇಲ್‌ಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ, ಹೊಸ ಗ್ರೂಪ್‌ಗೆ ಸೇರಿಸುವ ಆಯ್ಕೆ ಒತ್ತಿ, ಹೆಸರು ಕೊಡಿ. ಥಂಬ್‌ನೇಲ್ ಮೇಲೆ ಚಿಕ್ಕ ಹಸಿರು ಕೊಂಡಿಯ ಗುರುತು ಬರುತ್ತದೆ. ಮುನ್ನೂರು ಕ್ಲಿಪ್‌ನಲ್ಲಿ ಹುಡುಕಿ ಆರಿಸುವುದು ಬೇಜಾರಾದರೆ ಎಡಿಟ್ ಮಾಡುವಾಗಲೇ ಕ್ಯಾಮೆರಾಗೆ ಒಂದೊಂದು ಕ್ಲಿಪ್ ಕಲರ್ ಕೊಟ್ಟಿಡಿ. ಕಲರ್ ಪುಟದ ಮೇಲ್ಭಾಗದಲ್ಲಿ ಕ್ಲಿಪ್ಸ್ ಎಂಬ ಬಟನ್ ಇದೆ, ಅದರ ಪಕ್ಕದ ಬಾಣದಲ್ಲಿ ಬೇಕಾದ ಬಣ್ಣದ್ದು ಮಾತ್ರ ತೋರಿಸು ಅಂದರೆ ಉಳಿದವೆಲ್ಲ ಮರೆಯಾಗುತ್ತವೆ. ಆಗ ಎಲ್ಲವನ್ನೂ ಒಂದೇ ಏಟಿಗೆ ಆರಿಸಬಹುದು.

ನಾಲ್ಕು ಮಟ್ಟ

ಗ್ರೂಪ್ ಆದ ಮೇಲೆ ನೋಡ್ ಎಡಿಟರ್‌ನ ಬಲ ಮೇಲ್ತುದಿಯ ಮೆನುವಿನಲ್ಲಿ ನಾಲ್ಕು ಆಯ್ಕೆ ಕಾಣುತ್ತವೆ: ಗ್ರೂಪ್ ಪ್ರಿ-ಕ್ಲಿಪ್, ಕ್ಲಿಪ್, ಗ್ರೂಪ್ ಪೋಸ್ಟ್-ಕ್ಲಿಪ್, ಟೈಮ್‌ಲೈನ್. ಚಿತ್ರ ಹರಿಯುವುದು ಇದೇ ಕ್ರಮದಲ್ಲಿ, ಘಟ್ಟದ ಮೇಲಿಂದ ಇಳಿದ ಹೊಳೆ ನಾಲ್ಕು ಊರು ದಾಟಿ ಸಮುದ್ರ ಸೇರಿದ ಹಾಗೆ. ಮೇಲಿನ ಊರಲ್ಲಿ ನೀರು ಕದಡಿದರೆ ಕೆಳಗಿನ ಎಲ್ಲ ಊರಿಗೂ ಕದಡಿದ ನೀರೇ.

ಕ್ಲಿಪ್ ಎಂದು ಇದ್ದಾಗ ಬಾಲ್ ತಿರುಗಿಸಿದರೆ ಆ ಒಂದು ತುಂಡು ಬದಲಾಗುತ್ತದೆ. ಪ್ರಿ-ಕ್ಲಿಪ್ ಅಥವಾ ಪೋಸ್ಟ್-ಕ್ಲಿಪ್‌ಗೆ ಬದಲಿಸಿ ಅದೇ ಬಾಲ್ ತಿರುಗಿಸಿದರೆ ಆ ಗ್ರೂಪ್‌ನ ಅಷ್ಟೂ ಕ್ಲಿಪ್ ಕಣ್ಣೆದುರೇ ಬದಲಾಗುತ್ತವೆ, ಕೆಳಗಿನ ಥಂಬ್‌ನೇಲ್‌ಗಳೂ ಬಣ್ಣ ಬದಲಿಸುತ್ತವೆ. ನೀವು ಕೇಳುತ್ತಿದ್ದದ್ದು ಇದನ್ನೇ. ಸೆಲೆಕ್ಟ್ ಮಾಡುವ ಅಗತ್ಯವೇ ಇಲ್ಲ.

ಅಪಾಯವೂ ಇಲ್ಲೇ ಇದೆ. ಪ್ಯಾನೆಲ್ ಹಿಡಿದವರ ಕಣ್ಣು ಚಿತ್ರದ ಮೇಲೆ ಇರುತ್ತದೆ, ಮೂಲೆಯ ಆ ಮೆನು ಮೇಲೆ ಇರುವುದಿಲ್ಲ. ಒಂದು ಕ್ಲಿಪ್‌ನ ಮುಖ ಸ್ವಲ್ಪ ಬೆಳಗಿಸೋಣ ಎಂದು ರಿಂಗ್ ತಿರುಗಿಸುತ್ತಾರೆ, ಅದು ಪೋಸ್ಟ್-ಕ್ಲಿಪ್‌ನಲ್ಲಿ ಇರುತ್ತದೆ, ನೂರು ಕ್ಲಿಪ್ ಬೆಳಗುತ್ತವೆ. ಅದು ಗೊತ್ತಾಗುವುದು ಗಿರಾಕಿ ವಿಡಿಯೋ ನೋಡಿ ಫೋನ್ ಮಾಡಿದಾಗ. ಹೀಗಾಗಿ ಒಂದು ಪದ್ಧತಿ ಇಟ್ಟುಕೊಳ್ಳಿ: ಗ್ರೂಪ್ ಕೆಲಸ ಎಲ್ಲ ಒಂದೇ ಸಲಕ್ಕೆ ಮುಗಿಸಿ ಕ್ಲಿಪ್ ಮಟ್ಟಕ್ಕೆ ಬನ್ನಿ, ಆಮೇಲೆ ಹಿಂದೆ ಮುಂದೆ ಓಡಾಡಬೇಡಿ. ಓಡಾಡಲೇಬೇಕು ಅಂದರೆ ಮಟ್ಟ ಬದಲಿಸುವ ಕೀಬೋರ್ಡ್ ಶಾರ್ಟ್‌ಕಟ್ ಹೊಂದಿಸಿ ಬಟನ್ ಪೆಟ್ಟಿಗೆಗೆ ಕೊಡಿ. ಬೆರಳು ಒತ್ತಿದ್ದು ಕಣ್ಣಿಗಿಂತ ಚೆನ್ನಾಗಿ ನೆನಪಿರುತ್ತದೆ.

ಬಯಲಾಟ, ಹಂತ ಹಂತವಾಗಿ

ಮೊದಲ ಹಂತ, ಪ್ರಿ-ಕ್ಲಿಪ್. ಇಲ್ಲಿ ಬಾಲ್ ಕೆಲಸ ಇನ್ನೂ ಇಲ್ಲ. ಸೋನಿಯ ಎರಡು ಗ್ರೂಪ್‌ಗೂ ಒಂದು ಬಣ್ಣದ ಲೆಕ್ಕವನ್ನು ಇನ್ನೊಂದಕ್ಕೆ ಬದಲಿಸುವ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ನೋಡ್ ಹಾಕಿ. ಒಳಗೆ ಬರುವುದು ಎಸ್‌-ಗ್ಯಾಮಟ್ 3 ಸಿನಿ ಮತ್ತು ಎಸ್‌-ಲಾಗ್ 3, ಹೊರಗೆ ಹೋಗುವುದು ರಿಸಾಲ್ವ್‌ನ ಸ್ವಂತ ಲೆಕ್ಕವಾದ ಡಾವಿಂಚಿ ವೈಡ್ ಗ್ಯಾಮಟ್ ಮತ್ತು ಡಾವಿಂಚಿ ಇಂಟರ್‌ಮೀಡಿಯೆಟ್. ಮೂರನೆಯ ಕ್ಯಾಮೆರಾದ ಗ್ರೂಪ್‌ಗೆ ಒಳಗೆ ರೆಕ್ 709, ಹೊರಗೆ ಅದೇ ವೈಡ್ ಗ್ಯಾಮಟ್. ಟೈಮ್‌ಲೈನ್ ಮಟ್ಟದಲ್ಲಿ ಕೊನೆಯದಾಗಿ ಇನ್ನೊಂದು ಟ್ರಾನ್ಸ್‌ಫಾರ್ಮ್, ವೈಡ್ ಗ್ಯಾಮಟ್‌ನಿಂದ ರೆಕ್ 709 ಗಾಮಾ 2.4ಕ್ಕೆ. ಈಗ ಮೂರೂ ಕ್ಯಾಮೆರಾ ಒಂದೇ ಭಾಷೆ ಮಾತಾಡುತ್ತವೆ, ಪೂರ್ತಿ ಹೊಂದದಿದ್ದರೂ ಹತ್ತಿರಕ್ಕೆ ಬಂದಿರುತ್ತವೆ.

ಎರಡನೆಯದು, ಮಾದರಿ ಕ್ಲಿಪ್ ಆರಿಸುವುದು. ಎದುರು ಕ್ಯಾಮೆರಾದಲ್ಲಿ ರಂಗಸ್ಥಳ ಪೂರ್ತಿ ಕಾಣುವ, ಎರಡು ಮೂರು ವೇಷ ಮತ್ತು ಹಿಮ್ಮೇಳ ಎಲ್ಲ ಇರುವ ಒಂದು ತುಂಡು ಹಿಡಿಯಿರಿ. ಕುಣಿತದ ಮಧ್ಯದ್ದು ಬೇಡ, ಅರ್ಥ ಹೇಳುತ್ತ ನಿಂತಿರುವಾಗಿನದು ಆಗಲಿ.

ಮೂರನೆಯದು ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿ ಕಾಣುವ ಹಾಗೆ ಬಣ್ಣ ಸಮ ಮಾಡುವುದು. ಯಕ್ಷಗಾನಕ್ಕೆ ಬೇರೆ ಕಡೆಯ ಪಾಠ ನಡೆಯುವುದಿಲ್ಲ. ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮದ ಬಣ್ಣಕ್ಕೆ ಒಂದು ಗೆರೆ ಇರುತ್ತದೆ, ಮುಖದ ಬಣ್ಣ ಆ ಗೆರೆ ಮೇಲೆ ಕೂರಿಸಿ ಅಂತ ಎಲ್ಲರೂ ಕಲಿಸುತ್ತಾರೆ. ಆದರೆ ಮುಖವರ್ಣಿಕೆ ಬಳಿದ ಮುಖ ಚರ್ಮದ ಬಣ್ಣವೇ ಅಲ್ಲ! ರಾಜವೇಷದ ಮುಖವನ್ನು ಆ ಗೆರೆಗೆ ಎಳೆದರೆ ಇಡೀ ರಂಗಸ್ಥಳ ಕೆಡುತ್ತದೆ, ರಾಕ್ಷಸ ವೇಷದ ಕತೆ ಕೇಳುವುದೇ ಬೇಡ. ಬಣ್ಣ ಹಚ್ಚದ ಮುಖ ಇರುವುದು ಹಿಮ್ಮೇಳದಲ್ಲಿ. ಭಾಗವತರ ಮುಖ, ಮದ್ದಳೆಯವರ ಕೈ, ಬಿಳಿ ಪಂಚೆ. ಪಂಚೆಯ ಮೇಲೆ ಪರೇಡ್ ಸ್ಕೋಪ್ ನೋಡಿ ಕೆಂಪು, ಹಸಿರು, ನೀಲಿ ಮೂರೂ ಸಮ ಬರುವ ತನಕ ಆಫ್‌ಸೆಟ್ ಬಾಲ್ ಮೆಲ್ಲಗೆ ಉರುಳಿಸಿ. ಆಮೇಲೆ ಭಾಗವತರ ಮುಖ ಗೆರೆಯ ಹತ್ತಿರ ಬಂತಾ ನೋಡಿ. ಬಂದಿದ್ದರೆ ವೇಷಗಳ ಬಣ್ಣ ತಾನಾಗಿ ಸರಿ ಇರುತ್ತದೆ.

ಈ ಬ್ಯಾಲೆನ್ಸ್ ಅನ್ನು ಯಾವ ಮಟ್ಟದಲ್ಲಿ ಮಾಡಬೇಕು? ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ರಾತ್ರಿಯಿಡೀ ಒಂದಕ್ಕೇ ಲಾಕ್ ಆಗಿದ್ದರೆ ಪ್ರಿ-ಕ್ಲಿಪ್‌ನಲ್ಲಿ, ಟ್ರಾನ್ಸ್‌ಫಾರ್ಮ್ ಆದ ಮೇಲಿನ ಹೊಸ ನೋಡ್‌ನಲ್ಲಿ. ಒಂದೇ ಸಲಕ್ಕೆ ಆ ಕ್ಯಾಮೆರಾದ ನೂರು ತುಂಡೂ ಸರಿಯಾಗುತ್ತವೆ. ಆಟೋದಲ್ಲಿ ಇಟ್ಟು ಶೂಟ್ ಮಾಡಿದ್ದರೆ ಗ್ರೂಪ್ ಆಸೆ ಬಿಡಿ, ಅದು ಕ್ಲಿಪ್ ಮಟ್ಟದ ಕೆಲಸ.

ನಾಲ್ಕನೆಯದು, ಕೆಂಪು. ಬಡಗುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿಯ) ವೇಷದಲ್ಲಿ ಕೆಂಪು ಮತ್ತು ಬಂಗಾರದ ಬಣ್ಣ ಜಾಸ್ತಿ, ಎಲ್‌ಇಡಿ ಬೆಳಕು ಬಿದ್ದರೆ ಕೆಂಪು ಬಟ್ಟೆ ಮಡಿಕೆಯೇ ಇಲ್ಲದ ಒಂದು ಮುದ್ದೆಯಾಗಿ ಕಾಣುತ್ತದೆ. ಸ್ಯಾಚುರೇಶನ್ ನಾಬ್ ಇಳಿಸಿದರೆ ಮುಖವೂ ಸಪ್ಪೆಯಾಗುತ್ತದೆ, ಹಾಗೆ ಮಾಡಬೇಡಿ. ಪೋಸ್ಟ್-ಕ್ಲಿಪ್‌ನಲ್ಲಿ ಒಂದು ನೋಡ್ ತೆಗೆದುಕೊಂಡು ಹ್ಯೂ ವರ್ಸಸ್ ಸ್ಯಾಟ್ ಕರ್ವ್‌ನಲ್ಲಿ ಕೆಂಪನ್ನು ಮಾತ್ರ ಸ್ವಲ್ಪ ಇಳಿಸಿ. ಕರ್ವ್‌ಗೆ ಮೌಸ್ ಬೇಕು, ಚಿಕ್ಕ ಪ್ಯಾನೆಲ್‌ನಲ್ಲಿ ಆಗದು. ಬಟ್ಟೆಯ ಮಡಿಕೆ ಕಾಣತೊಡಗಿದ ಕೂಡಲೇ ನಿಲ್ಲಿಸಿ. ಆಟ ನೋಡುವವರಿಗೆ ಆ ಕೆಂಪು ಬೇಕು, ಅದನ್ನು ಸಿನಿಮಾದ ಕಂದು ಮಾಡಿದರೆ ಯಾರೂ ಮೆಚ್ಚುವುದಿಲ್ಲ. ಹಾಗೇ ಕಪ್ಪು ಹಿನ್ನೆಲೆಗೆ ನೀಲಿ ಛಾಯೆ ಹಾಕುವ ಫ್ಯಾಷನ್ ಕೂಡ ನನಗೆ ಸೇರುವುದಿಲ್ಲ. ಅಲ್ಲಿ ಇದ್ದದ್ದು ಕತ್ತಲೆ, ಕತ್ತಲೆಯಾಗಿಯೇ ಇರಲಿ.

ಐದನೆಯದು, ಉಳಿದ ಎರಡು ಕ್ಯಾಮೆರಾ. ಮಾದರಿ ಕ್ಲಿಪ್‌ನಲ್ಲಿ ಗ್ರ್ಯಾಬ್ ಸ್ಟಿಲ್ ಬಟನ್ ಒತ್ತಿ. ಮುಖದ ಕ್ಯಾಮೆರಾದ ಅದೇ ಹೊತ್ತಿನ ತುಂಡಿಗೆ ಹೋಗಿ ಪ್ಲೇ ಸ್ಟಿಲ್ ಒತ್ತಿ. ಅರ್ಧ ಪರದೆಯಲ್ಲಿ ಮಾದರಿ, ಇನ್ನರ್ಧದಲ್ಲಿ ಇದು. ಎರಡರಲ್ಲೂ ಒಂದೇ ವೇಷ ಕಾಣುವ ಹಾಗೆ ಗಡಿ ಸರಿಸಿ, ಆ ಕ್ಯಾಮೆರಾದ ಪ್ರಿ-ಕ್ಲಿಪ್‌ನಲ್ಲಿ ನಿಂತು ಹೊಂದಿಸಿ. ಮೊದಲು ರಿಂಗ್‌ನಲ್ಲಿ ಬೆಳಕು, ಆಮೇಲೆ ಬಾಲ್‌ನಲ್ಲಿ ಬಣ್ಣ. ಬೆಳಕು ಹೊಂದದೆ ಬಣ್ಣ ಹೊಂದಿಸಲು ಹೋದರೆ ಕಣ್ಣು ಮೋಸ ಹೋಗುತ್ತದೆ. ಮೂರನೆಯ ಹಳೆಯ ಕ್ಯಾಮೆರಾ ಎಷ್ಟು ಮಾಡಿದರೂ ಪೂರ್ತಿ ಹೊಂದುವುದಿಲ್ಲ. ಪರವಾಗಿಲ್ಲ. ಅದು ಬದಿಯಿಂದ ಹಿಮ್ಮೇಳ ತೋರಿಸುವುದು, ಬಿಳಿ ಪಂಚೆ ಬಿಳಿಯಾಗಿ ಕಂಡರೆ ಸಾಕು.

ಆರನೆಯದು ಒಂದು ಸುತ್ತು. ಕ್ಲಿಪ್ ಮಟ್ಟಕ್ಕೆ ಬಂದು, ಪ್ಯಾನೆಲ್‌ನ ಮುಂದಿನ ಕ್ಲಿಪ್ ಬಟನ್ ಒತ್ತುತ್ತ ಮೊದಲಿಂದ ಕೊನೆವರೆಗೆ ಹೋಗಿ. ಯಾರೋ ದೀಪದ ಎದುರು ಬಂದದ್ದು, ಬೆಳಗಾಗುವ ಹೊತ್ತಿಗೆ ಆಕಾಶ ನೀಲಿಗಟ್ಟಿದ್ದು, ಇಂಥವು ಮಾತ್ರ ಕೈಗೆ ಸಿಗುತ್ತವೆ. ಒಂದೊಂದಕ್ಕೆ ಕೆಲವು ಸೆಕೆಂಡ್ ಸಾಕು, ಯಾಕೆಂದರೆ ದೊಡ್ಡ ಕೆಲಸ ಆಗಿ ಹೋಗಿದೆ. ಎಡಗೈ ಲಿಫ್ಟ್, ಬಲಗೈ ಗೇನ್, ಮುಂದಿನದು. ಪ್ಯಾನೆಲ್‌ನ ವೇಗ ನಿಜವಾಗಿ ಗೊತ್ತಾಗುವುದು ಈ ಸುತ್ತಿನಲ್ಲಿ.

ಗ್ರೂಪ್ ಬೇಡ ಅಂದರೆ

ಹತ್ತು ಹನ್ನೆರಡು ಕ್ಲಿಪ್‌ಗೆ ಒಂದು ಸಣ್ಣ ಬದಲಾವಣೆ ಹೋಗಬೇಕು, ಅಷ್ಟಕ್ಕೆ ಗ್ರೂಪ್ ಮಾಡುವುದು ದಂಡ. ಆಗ ರಿಸಾಲ್ವ್‌ನೊಳಗಿನ ರಿಪಲ್ ಆಯ್ಕೆ ಬಳಸಿ (ಟ್ಯಾಂಜೆಂಟ್‌ನ ರಿಪಲ್ ಪ್ಯಾನೆಲ್ ಅಲ್ಲ). ಮೊದಲು ಆ ಎಲ್ಲ ಕ್ಲಿಪ್ ಸೆಲೆಕ್ಟ್ ಮಾಡಿ. ಈಗ ತೆರೆದಿರುವ ಕ್ಲಿಪ್‌ನ ಒಂದು ನೋಡ್‌ನಲ್ಲಿ ಪ್ಯಾನೆಲ್‌ನಿಂದ ಬದಲಾವಣೆ ಮಾಡಿ. ಆಮೇಲೆ ಕಲರ್ ಮೆನುವಿನಲ್ಲಿ ರಿಪಲ್ ನೋಡ್ ಚೇಂಜಸ್ ಟು ಸೆಲೆಕ್ಟೆಡ್ ಕ್ಲಿಪ್ಸ್ ಒತ್ತಿ. ಬದಲಾವಣೆ ಉಳಿದ ಕ್ಲಿಪ್‌ಗಳ ಅದೇ ನಂಬರಿನ ನೋಡ್‌ಗೆ ಹೋಗುತ್ತದೆ. ನಂಬರ್ ಮುಖ್ಯ ಕಣ್ರೀ. ಒಂದರಲ್ಲಿ ಎರಡನೆಯ ನೋಡ್ ಬ್ಯಾಲೆನ್ಸ್, ಇನ್ನೊಂದರಲ್ಲಿ ಎರಡನೆಯ ನೋಡ್ ಮುಖದ ವಿಂಡೋ ಆಗಿದ್ದರೆ ಚಿತ್ರಾನ್ನವೇ. ಹಾಗಾಗಿ ಎಲ್ಲ ಕ್ಲಿಪ್‌ಗೂ ಮೊದಲೇ ಖಾಲಿ ನೋಡ್‌ಗಳ ಒಂದೇ ಸಾಲು ಹಾಕಿಡುವ ಅಭ್ಯಾಸ ಒಳ್ಳೆಯದು: ಒಂದು ಬ್ಯಾಲೆನ್ಸ್, ಎರಡು ಬೆಳಕು, ಮೂರು ಮುಖ, ನಾಲ್ಕು ಲುಕ್ (ವಿಡಿಯೋಗೆ ಕೊನೆಗೆ ಕೊಡುವ ಒಟ್ಟು ಛಾಯೆ). ಸಾಲು ಒಂದೇ ಇಲ್ಲದಿದ್ದರೆ ರಿಪಲ್ ಬಿಟ್ಟು, ಆ ನೋಡ್ ಅನ್ನು ಕೊನೆಗೆ ಸೇರಿಸುವ ಅಪೆಂಡ್ ನೋಡ್ ಆಯ್ಕೆ ಬಳಸಿ.

ಈ ರಿಪಲ್ ಆಯ್ಕೆಗೆ ಕೀಬೋರ್ಡ್ ಕಸ್ಟಮೈಸೇಶನ್‌ನಲ್ಲಿ ಒಂದು ಶಾರ್ಟ್‌ಕಟ್ ಕೊಟ್ಟು ಬಟನ್ ಪೆಟ್ಟಿಗೆಗೆ ಹಾಕಿದರೆ ಪ್ಯಾನೆಲ್‌ಗೇ ಒಂದು ಹೊಸ ಬಟನ್ ಬಂದ ಹಾಗೆ. ಬಾಲ್ ತಿರುಗಿಸು, ಒತ್ತು, ಹನ್ನೆರಡು ಕ್ಲಿಪ್ ಬದಲು.

ಇಡೀ ಗ್ರೇಡ್ ಕಾಪಿ ಆಗಬೇಕಾದರೆ ಇನ್ನೂ ಸುಲಭ. ಬೇಕಾದ ಕ್ಲಿಪ್‌ಗಳನ್ನು ಆರಿಸಿಕೊಂಡು, ಗ್ರೇಡ್ ಇರುವ ಥಂಬ್‌ನೇಲ್ ಮೇಲೆ ಮೌಸ್‌ನ ನಡು ಬಟನ್ ಒತ್ತಿ. ಹಿಂದಿನ ಕ್ಲಿಪ್‌ನದ್ದೇ ಬೇಕಾದರೆ ಕೀಬೋರ್ಡ್‌ನ ಸಮ ಚಿಹ್ನೆ ಸಾಕು, ಅದಕ್ಕೂ ಹಿಂದಿನದ್ದು ಬೇಕಾದರೆ ಮೈನಸ್. ಎದುರು ಕ್ಯಾಮೆರಾ, ಮುಖದ ಕ್ಯಾಮೆರಾ ಹೀಗೆ ಒಂದು ಬಿಟ್ಟು ಒಂದು ಬರುವ ಸಂಭಾಷಣೆ ಭಾಗದಲ್ಲಿ ಈ ಮೈನಸ್ ಕೀ ಬಹಳ ಕೆಲಸ ಮಾಡುತ್ತದೆ.

ಇನ್ನೊಂದು ಶೇರ್ಡ್ ನೋಡ್. ಯಾವುದಾದರೂ ನೋಡ್ ಮೇಲೆ ಬಲ ಕ್ಲಿಕ್ ಮಾಡಿ ಶೇರ್ಡ್ ನೋಡ್ ಆಗಿ ಉಳಿಸಿದರೆ ಬೇರೆ ಬೇರೆ ಗ್ರೂಪ್‌ನ ಕ್ಲಿಪ್‌ಗಳಿಗೂ ಅದನ್ನು ಹಾಕಬಹುದು, ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಒಂದು ಕ್ಲಿಪ್‌ಗೆ ಒಂದೇ ಗ್ರೂಪ್ ಎಂಬ ನಿಯಮದಿಂದ ತಪ್ಪಿಸಿಕೊಳ್ಳುವ ದಾರಿ ಇದು. ಕ್ಯಾಮೆರಾ ಪ್ರಕಾರ ಗ್ರೂಪ್ ಮಾಡಿದ್ದೀರಿ, ಆದರೆ ಬೆಳಗಿನ ಜಾವದ ಭಾಗಕ್ಕೆ ಮಾತ್ರ ಮೂರೂ ಕ್ಯಾಮೆರಾದಲ್ಲಿ ನೀಲಿ ಇಳಿಸಬೇಕು. ಅದಕ್ಕೊಂದು ಶೇರ್ಡ್ ನೋಡ್ ಇಡಿ. ಇದು ಮಾಮೂಲಾಗಿ ಲಾಕ್ ಆಗಿರುತ್ತದೆ. ಬಾಲ್ ಎಷ್ಟು ತಿರುಗಿಸಿದರೂ ಏನೂ ಆಗದಿದ್ದರೆ ಪ್ಯಾನೆಲ್ ಬಿಚ್ಚಿ ಹಾಕುವ ಮೊದಲು ನೋಡ್ ಮೇಲೆ ಬೀಗದ ಗುರುತು ಇದೆಯಾ ನೋಡಿ, ಬಲ ಕ್ಲಿಕ್ ಮಾಡಿ ತೆಗೆಯಿರಿ.

ರಿಮೋಟ್ ಗ್ರೇಡ್

ಎದುರು ಕ್ಯಾಮೆರಾದ ಒಂದೇ ಉದ್ದನೆಯ ಫೈಲ್ ಕತ್ತರಿಸಿ ಎಂಬತ್ತು ತುಂಡು ಮಾಡಿದ್ದೀರಿ ಅಂದುಕೊಳ್ಳಿ. ರಿಸಾಲ್ವ್ ಸಾಮಾನ್ಯವಾಗಿ ಬಳಸುವುದು ಲೋಕಲ್ ವರ್ಷನ್, ಅಂದರೆ ತುಂಡಿಗೊಂದು ಗ್ರೇಡ್. ಥಂಬ್‌ನೇಲ್ ಮೇಲೆ ಬಲ ಕ್ಲಿಕ್ ಮಾಡಿ ರಿಮೋಟ್‌ಗೆ ಬದಲಿಸಿದರೆ ಗ್ರೇಡ್ ಅಂಟಿಕೊಳ್ಳುವುದು ಮೂಲ ಫೈಲ್‌ಗೆ. ಒಂದು ತುಂಡಿನಲ್ಲಿ ಬಾಲ್ ತಿರುಗಿಸಿದರೆ ಆ ಫೈಲ್‌ನಿಂದ ಬಂದ, ರಿಮೋಟ್‌ನಲ್ಲಿರುವ ಎಲ್ಲ ತುಂಡೂ ಬದಲಾಗುತ್ತವೆ. ಬೇರೆ ಟೈಮ್‌ಲೈನ್‌ನಲ್ಲಿ ಇದ್ದರೂ ಸರಿ. ಪೂರ್ತಿ ಪ್ರಸಂಗ ಒಂದು ಟೈಮ್‌ಲೈನ್, ಯೂಟ್ಯೂಬ್‌ಗೆ ಹತ್ತು ನಿಮಿಷದ್ದು ಇನ್ನೊಂದು ಟೈಮ್‌ಲೈನ್ ಮಾಡುವವರಿಗೆ ಇದು ವರ. ಎಲ್ಲ ಮುಗಿದ ಮೇಲೆ ರಿಮೋಟ್ ಗ್ರೇಡ್ ಅನ್ನು ಲೋಕಲ್‌ಗೆ ಕಾಪಿ ಮಾಡಿಕೊಂಡು ತುಂಡು ತುಂಡಾಗಿ ತಿದ್ದಬಹುದು.

ಬೀಚ್‌ನಲ್ಲಿ ಇದು ನಡೆಯುವುದಿಲ್ಲ

ಕಾರವಾರದ ಟಾಗೋರ್ ಬೀಚ್‌ನಲ್ಲಿ ಸಂಜೆ ಶೂಟ್. ಮೋಡ ಬಂತು, ಹೋಯಿತು, ಸೂರ್ಯ ಇಳಿದ, ಒದ್ದೆ ಮರಳು ಆಕಾಶದ ಬಣ್ಣವನ್ನೆಲ್ಲ ಮುಖಕ್ಕೆ ಎರಚಿತು. ಇಲ್ಲಿ ಬೆಳಕನ್ನು ಗ್ರೂಪ್‌ನಲ್ಲಿ ಸರಿ ಮಾಡಲು ಹೋಗಬೇಡಿ. ಗ್ರೂಪ್‌ನಲ್ಲಿ ಇರಬೇಕಾದ್ದು ಕ್ಯಾಮೆರಾದ ಟ್ರಾನ್ಸ್‌ಫಾರ್ಮ್ ಮತ್ತು ಕೊನೆಯ ಲುಕ್ ಎರಡೇ. ಬ್ಯಾಲೆನ್ಸ್ ಕ್ಲಿಪ್ ಮಟ್ಟದಲ್ಲಿ, ಪ್ಯಾನೆಲ್‌ನಲ್ಲಿ, ಒಂದೊಂದಾಗಿ. ಕ್ರಮವೂ ಮುಖ್ಯ. ಮೊದಲು ಲುಕ್ ಪೋಸ್ಟ್-ಕ್ಲಿಪ್‌ನಲ್ಲಿ ಹಾಕಿ, ಆಮೇಲೆ ಅದರ ಕೆಳಗೆ ಒಂದೊಂದು ಕ್ಲಿಪ್ ಹೊಂದಿಸಿ. ಲುಕ್ ಇಲ್ಲದೆ ಹೊಂದಿಸಿದರೆ ಲುಕ್ ಹಾಕಿದ ಮೇಲೆ ವ್ಯತ್ಯಾಸಗಳು ದೊಡ್ಡದಾಗಿ ಕಂಡು ಕೆಲಸ ಎರಡು ಸಲ ಆಗುತ್ತದೆ.

ಹೊಂದಿಸಲು ಫ್ರೇಮ್‌ನಲ್ಲಿ ಬದಲಾಗದ ಏನಾದರೂ ಬೇಕು. ಅಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಚಾಪಲ್ ಯುದ್ಧನೌಕೆ ಹಿಂದೆ ಕಾಣುವ ಶಾಟ್ ಆದರೆ ಅದರ ಬೂದು ಬಣ್ಣ ಒಳ್ಳೆಯ ಗುರುತು. ಅದು ಸ್ವಲ್ಪ ನೀಲಿ ಕಡೆಗೆ ಇರುವ ಬೂದು, ಪೂರ್ತಿ ತಟಸ್ಥ ಮಾಡಲು ಹೋಗಬೇಡಿ. ಎಲ್ಲ ಶಾಟ್‌ನಲ್ಲೂ ಅದು ಒಂದೇ ಥರ ಕಂಡರೆ ಸಾಕು. 'ಸೂರ್ಯ ಇಳಿದಂತೆ ಬಣ್ಣ ಬೆಚ್ಚಗಾಗಬೇಕು' ಎಂಬ ಕತೆ ಇದ್ದರೆ ಎಲ್ಲವನ್ನೂ ಒಂದೇ ಥರ ಮಾಡಬೇಡಿ, ಮೂರು ನಾಲ್ಕು ಗುಂಪಾಗಿ ಸ್ವಲ್ಪ ಸ್ವಲ್ಪ ಜರುಗಲು ಬಿಡಿ. ಒಂದೇ ಕ್ಲಿಪ್‌ನ ಮಧ್ಯೆ ಮೋಡ ದಾಟಿದರೆ ಕೀಫ್ರೇಮ್ (ಯಾವ ಕ್ಷಣಕ್ಕೆ ಎಷ್ಟು ತಿದ್ದುಪಡಿ ಎಂಬ ಗುರುತು) ಹಾಕಿ ರಿಂಗ್‌ನಲ್ಲಿ ತಿದ್ದಬೇಕು, ಅಂಥ ಕ್ಲಿಪ್‌ನ ಗ್ರೇಡ್ ಬೇರೆಯದಕ್ಕೆ ಕಾಪಿ ಮಾಡಬಾರದು.

ಕಡೆಯಲ್ಲಿ ನೋಡಬೇಕಾದವು

ಕಾಪಿ ಮಾಡಿದ ಗ್ರೇಡ್‌ನಲ್ಲಿ ಮುಖಕ್ಕೆ ಹಾಕಿದ ವಿಂಡೋ ಇದ್ದರೆ ಅದೂ ಜೊತೆಗೆ ಬರುತ್ತದೆ, ಹೊಸ ಕ್ಲಿಪ್‌ನಲ್ಲಿ ಖಾಲಿ ಗಾಳಿಯಲ್ಲಿ ಬೆಳಕಿನ ಉಂಡೆ ಓಡಾಡುತ್ತದೆ. ವಿಂಡೋ ಇರುವ ನೋಡ್ ಯಾವತ್ತೂ ಕ್ಲಿಪ್ ಮಟ್ಟದಲ್ಲೇ ಇರಲಿ. ನಾಯ್ಸ್ ರಿಡಕ್ಷನ್ ಅನ್ನು ಗ್ರೂಪ್‌ಗೆ ಹಾಕಿದರೆ ಆ ಗ್ರೂಪ್‌ನ ಎಲ್ಲ ಕ್ಲಿಪ್‌ಗೂ ಹತ್ತಿ ಕಂಪ್ಯೂಟರ್ ಏದುಸಿರು ಬಿಡುತ್ತದೆ, ಬೇಕಾದ ಕತ್ತಲೆ ಶಾಟ್‌ಗೆ ಮಾತ್ರ ಹಾಕಿ. ಅದಕ್ಕೆ ಹೇಗೂ ದುಡ್ಡು ಕೊಟ್ಟ ಸ್ಟುಡಿಯೋ ಆವೃತ್ತಿ ಬೇಕು. ಲೈಟ್‌ಬಾಕ್ಸ್ ತೆರೆದು ಎಲ್ಲ ಕ್ಲಿಪ್ ಒಟ್ಟಿಗೆ ನೋಡಿ, ಗುಂಪಿಗೆ ಸೇರದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಶಿಫ್ಟ್ ಡಿ ಒತ್ತಿ ಗ್ರೇಡ್ ತೆಗೆದು ಹಾಕಿ ಹೋಲಿಸಿ. ಕಣ್ಣಿಗೆ ದಣಿವಾಗಿದ್ದರೆ ಒಂದು ಚಹಾ ಕುಡಿದು ಬಂದು ನೋಡಿ.

ಒಳ್ಳೆಯ ಗ್ರೇಡ್ ಸಿಕ್ಕಿದರೆ ಗ್ಯಾಲರಿಯ ಪವರ್‌ಗ್ರೇಡ್ ಆಲ್ಬಮ್‌ಗೆ ಹಾಕಿಡಿ, ಬೇರೆ ಪ್ರಾಜೆಕ್ಟ್‌ನಲ್ಲೂ ಸಿಗುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬಿಡಕಿಬೈಲಿನ ಗದ್ದುಗೆಯ ಬೆಳಕು, ಕೆಂಪು, ಜನಜಂಗುಳಿ ಎಲ್ಲ ಮತ್ತೆ ಎದುರಾಗುತ್ತದೆ. ಹಿಂದಿನ ಸಲದ ಪವರ್‌ಗ್ರೇಡ್ ಹಾಗೇ ಕೂರದಿದ್ದರೂ ಶುರು ಮಾಡಲು ಒಂದು ನೆಲೆ ಸಿಗುತ್ತದೆ. ಪ್ರಾಜೆಕ್ಟ್ ಅನ್ನು ಬೇರೆ ಡಿಸ್ಕ್‌ಗೆ ಎಕ್ಸ್‌ಪೋರ್ಟ್ ಮಾಡಿಡಿ, ಲೈವ್ ಸೇವ್ ಮತ್ತು ಪ್ರಾಜೆಕ್ಟ್ ಬ್ಯಾಕಪ್ ಎರಡನ್ನೂ ಆನ್ ಮಾಡಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಯುಪಿಎಸ್ ಬೇಕೇ ಬೇಕು.

ಪ್ಯಾನೆಲ್‌ಗೆ ನಮ್ಮ ಕರಾವಳಿಯ ಉಪ್ಪು ಗಾಳಿ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ, ಕೆಲಸ ಇಲ್ಲದಾಗ ಲೆನ್ಸ್ ಇಡುವ ಹಾಗೆ ಅದನ್ನೂ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಇಡಿ. ಬಾಲ್ ತಡೆದು ತಡೆದು ತಿರುಗಿದರೆ ಹೆಚ್ಚಾಗಿ ಅದು ಬೆರಳಿನ ಎಣ್ಣೆ ಮತ್ತು ಧೂಳು. ತೆಗೆಯಲು ಬರುವ ಬಾಲ್ ಆದರೆ ತೆಗೆದು, ನೂಲು ಬಿಡದ ಒಣ ಬಟ್ಟೆಯಲ್ಲಿ ಬಾಲ್ ಮತ್ತು ಅದರ ಗುಳಿ ಎರಡನ್ನೂ ಒರೆಸಿ. ಎಣ್ಣೆ ಬಿಡಲು ಹೋಗಬೇಡಿ.

ಪ್ರೀಮಿಯರ್‌ನವರಿಗೆ ಚಿಕ್ಕದಾಗಿ: ಟ್ಯಾಂಜೆಂಟ್ ಪ್ಯಾನೆಲ್ ಅನ್ನು ಪ್ರಿಫರೆನ್ಸಸ್‌ನ ಕಂಟ್ರೋಲ್ ಸರ್ಫೇಸ್‌ನಲ್ಲಿ ಸೇರಿಸಿ, ಅದು ಅಲ್ಲಿನ ಬಣ್ಣ ತಿದ್ದುವ ಭಾಗವಾದ ಲುಮೆಟ್ರಿಯನ್ನು ನಡೆಸುತ್ತದೆ. ಅಲ್ಲಿ ಗ್ರೂಪ್ ಇಲ್ಲ. ಹತ್ತಾರು ಕ್ಲಿಪ್ ಒಟ್ಟಿಗೆ ಬದಲಾಗಬೇಕಾದರೆ ಮೇಲೊಂದು ಅಡ್ಜಸ್ಟ್‌ಮೆಂಟ್ ಲೇಯರ್ ಹಾಸಿ, ಅದನ್ನು ಆರಿಸಿ ಬಾಲ್ ತಿರುಗಿಸಿ. ಒಂದೇ ಫೈಲ್‌ನ ತುಂಡುಗಳಾದರೆ ಲುಮೆಟ್ರಿಯನ್ನು ಮೂಲ ಕ್ಲಿಪ್‌ಗೇ ಹಾಕಿ. ಎರಡು ಕ್ಯಾಮೆರಾ ಒಂದರ ಹಿಂದೆ ಒಂದು ಬರುವ ಕಡೆ ಅಡ್ಜಸ್ಟ್‌ಮೆಂಟ್ ಲೇಯರ್ ಅನ್ನು ತುಂಡು ತುಂಡು ಮಾಡಬೇಕಾಗುತ್ತದೆ, ಅದಕ್ಕಿಂತ ಕ್ಯಾಮೆರಾಗೊಂದು ವಿಡಿಯೋ ಟ್ರ್ಯಾಕ್ ಇಟ್ಟುಕೊಂಡು, ಆಯಾ ಟ್ರ್ಯಾಕ್‌ನ ಕ್ಲಿಪ್‌ಗಳನ್ನು ಒಟ್ಟಿಗೆ ಆರಿಸಿ ಪೇಸ್ಟ್ ಆಟ್ರಿಬ್ಯೂಟ್ಸ್ ಮಾಡುವುದು ಬೇಗ ಆಗುತ್ತದೆ.